ನಾಯಿಮೂಗಿನವರ ಕೊನೆಯ ಮನೆ

ಹಾಳುಬಿದ್ದ ಮನೆಗಳನ್ನು ಕೊಂಡು, ದುರಸ್ತಿ ಮಾಡಿ, ಮತ್ತೆ ಮಾರುವುದು ನಮ್ಮ ಕಸುಬು. ನಮ್ಮ ಎಂದರೆ ನನ್ನ ಯಜಮಾನರದು, ನನ್ನದು, ಮತ್ತು ಇಪ್ಪತ್ತೈದು ವರ್ಷ ನಮ್ಮ ಜೊತೆಗಿದ್ದ ಗಾರೆ ಮೇಸ್ತ್ರಿಯದು. ಗೋಡೆ ಉಬ್ಬಿದ್ದು, ಸೂರು ಜಗ್ಗಿದ್ದು, ಅಣ್ಣತಮ್ಮಂದಿರ ಜಗಳದಲ್ಲಿ ಹತ್ತು ವರ್ಷ ಬೀಗ ಬಿದ್ದದ್ದು, ಇಂಥವೇ ನಮಗೆ ಬೇಕಾಗಿದ್ದವು. ಕೊಂಡ ಮನೆಯಲ್ಲೇ ಒಂದು ಕೋಣೆ ಗುಡಿಸಿಕೊಂಡು ಸಂಸಾರ ಹೂಡುತ್ತಿದ್ದೆವು. ಮನೆ ಮಾರಾಟವಾದ ಮೇಲೆ ಪಾತ್ರೆ ಹಾಸಿಗೆ ಕಟ್ಟಿಕೊಂಡು ಮುಂದಿನ ಹಾಳುಮನೆಗೆ ಹೋಗುವುದು. ಮೂವತ್ತೆಂಟು ವರ್ಷಗಳಲ್ಲಿ ಹತ್ತೊಂಬತ್ತು ಮನೆ ಹೀಗೆ ಕಂಡೆವು. ಮಕ್ಕಳಾಗಲಿಲ್ಲ. ಆಗಿದ್ದರೆ ಈ ಅಲೆದಾಟ ಇರುತ್ತಿರಲಿಲ್ಲ ಎನ್ನುತ್ತಾಳೆ ನನ್ನ ತಂಗಿ. ದೇವರು ಕೊಡದೆ ಇದ್ದುದಕ್ಕೂ ಒಂದು ಕಾರಣ ಇರುತ್ತದೆ ಎಂದು ನಾನು ಆಗ ನಂಬಿದ್ದೆ. ಈಗಲೂ ನಂಬಲು ಪ್ರಯತ್ನಿಸುತ್ತೇನೆ.

ಈ ಕಸುಬಿನಲ್ಲಿ ಒಬ್ಬೊಬ್ಬರದು ಒಂದೊಂದು ಹತಾರ. ಕೆಲವರು ಸುತ್ತಿಗೆಯಲ್ಲಿ ಗೋಡೆ ತಟ್ಟಿ ನೋಡುತ್ತಾರೆ. ಕೆಲವರು ಇಂಜಿನಿಯರನ್ನು ಕರೆತರುತ್ತಾರೆ. ಇವರು ಮೂಸಿ ನೋಡುತ್ತಿದ್ದರು. ಯಾವ ಮನೆಯೇ ಇರಲಿ, ಬ್ರೋಕರಿಗೆ ಮೊದಲು ಒಂದೇ ಮಾತು ಹೇಳುತ್ತಿದ್ದರು: "ಮೂರು ದಿನ ಕಿಟಕಿ ಬಾಗಿಲು ಎಲ್ಲ ಮುಚ್ಚಿಡಿ. ಆಮೇಲೆ ಬರ್ತೀನಿ." ನಾಲ್ಕನೆಯ ದಿನ ಬೀಗ ತೆಗೆಸಿ ತಾವೊಬ್ಬರೇ ಒಳಗೆ ಹೋಗುವರು. ಒಂದೊಂದು ಕೋಣೆಯ ನಡುವೆ ಕಣ್ಣು ಮುಚ್ಚಿ ನಿಲ್ಲುವರು. ಮೂಲೆಗಳಲ್ಲಿ ಮಂಡಿಯೂರುವರು. ಕಪಾಟು ತೆಗೆದು ತಲೆ ಒಳಗೆ ಹಾಕುವರು. ಹೊರಗೆ ಬಂದು, "ಬಚ್ಚಲಿನ ಎಡಗೋಡೆ, ನೆಲದಿಂದ ಮೊಳದೆತ್ತರ, ಪೈಪು ಸೋರ್ತಾ ಇದೆ. ನಡುಮನೆ ತೊಲೆಗೆ ಗೆದ್ದಲು ಬಂದು ಹೋಗಿದೆ, ಈಗಿಲ್ಲ. ಮೆಟ್ಟಿಲ ಕೆಳಗೆ ಇಲಿ ಸತ್ತಿದೆ, ಒಂದಲ್ಲ ಎರಡು" ಎನ್ನುವರು. ಮೇಸ್ತ್ರಿ ಹೋಗಿ ಒಡೆದರೆ ಅಲ್ಲಿಯೇ ಇರುತ್ತಿತ್ತು. ಇಲಿಗಳೂ ಎರಡೇ ಇರುತ್ತಿದ್ದವು.

ಪೇಟೆಯಲ್ಲಿ ಇವರಿಗೆ ನಾಯಿಮೂಗಿನವರು ಎಂದು ಹೆಸರು ಬಿತ್ತು. ಮೊದಲು ಹೊಟ್ಟೆಕಿಚ್ಚಿನಿಂದ ಹುಟ್ಟಿದ ಹೆಸರು, ಬರಬರುತ್ತಾ ಗೌರವದ ಹೆಸರಾಯಿತು. ಇವರೇನೂ ಬೇಸರ ಮಾಡಿಕೊಳ್ಳಲಿಲ್ಲ. "ನಾಯಿ ಅಂದ್ರಲ್ಲ, ಪುಣ್ಯ. ಹಂದಿ ಅನ್ನಲಿಲ್ಲ" ಎಂದು ನಗುತ್ತಿದ್ದರು.

ಆ ನಗುವಿನ ಹಿಂದೆ ಏನಿತ್ತೆಂದು ನನಗೆ ಗೊತ್ತು. ಇವರ ತಂದೆ ಅಂಗಡಿಯನ್ನು ಹಿರಿಮಗನಿಗೆ ಬರೆದು, ಇವರನ್ನು ನೆಂಟರೆದುರಿಗೆ ಕೈಲಾಗದವನು ಎಂದಿದ್ದರು. ಓದು ಹತ್ತಿರಲಿಲ್ಲ, ವ್ಯಾಪಾರದ ನಾಲಿಗೆ ಇರಲಿಲ್ಲ. ಮೂವತ್ತು ದಾಟಿದ ಮೇಲೆ ತಮಗೆ ಒಂದು ವಿದ್ಯೆ ಇದೆ ಎಂದು ಕಂಡುಕೊಂಡ ಮನುಷ್ಯ. ಇನ್ನೊಂದು ಮಾತು. ಇವರು ಯಾವ ಹುಳುಕನ್ನೂ ಮುಚ್ಚಿ ಮಾರಿದವರಲ್ಲ. ನಾವು ಮಾರುವಾಗಲೂ ಮನೆಯನ್ನು ಮೂರು ದಿನ ಮುಚ್ಚಿಟ್ಟು, ಕೊಳ್ಳುವವರ ಕೈಗೇ ಬೀಗದ ಕೈ ಕೊಟ್ಟು, "ನೀವೇ ತೆಗೆದು ನೋಡಿ" ಎನ್ನುತ್ತಿದ್ದರು. ಅದು ಇವರು ಬರೆದುಕೊಡುವ ಪತ್ರಕ್ಕಿಂತ ಗಟ್ಟಿ ಎಂದು ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇಪ್ಪತ್ತನೆಯ ಮನೆ ಕೊನೆಯದು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಇವರಿಗೆ ಎಪ್ಪತ್ತೆರಡು, ನನಗೆ ಅರವತ್ತೆಂಟು. ಅದನ್ನು ಮಾರಿ, ನನ್ನ ತಂಗಿಯ ಊರಿನಲ್ಲಿ ಎರಡು ಕೋಣೆಯ ಹೊಸ ಮನೆ ಹಿಡಿದು, ಇರುವಷ್ಟು ದಿನ ದೇವರ ಹೆಸರು ಹೇಳಿಕೊಂಡು ಇರುವುದು ಎಂದಿತ್ತು. "ಹೊಸದಾ? ಹೊಸ ಮನೇಲಿ ನನಗೆ ನಿದ್ದೆ ಬರತ್ತಾ?" ಎಂದು ಇವರು ಕೇಳಿದ್ದರು. "ಬರದೆ ಇದ್ರೆ ಒಂದು ಗೋಡೆ ನೀವೇ ಒಡೆದುಕೊಳ್ಳಿ" ಎಂದಿದ್ದೆ.

ಅದಕ್ಕೆ ಮೊದಲು ಇವರಿಗೆ ಒಂದು ಜ್ವರ ಬಂತು. ಹನ್ನೆರಡು ದಿನ ಮಲಗಿದರು. ನೆಗಡಿ ಕಟ್ಟಿಕೊಂಡು ಉಸಿರಿಗೂ ಕಷ್ಟವಾಗಿತ್ತು. ಎದ್ದ ಮೇಲೆ ಎಲ್ಲ ಸರಿಹೋಯಿತು ಎಂದೇ ನಾನು ತಿಳಿದೆ. ಒಂದು ಸಣ್ಣ ವಿಷಯ ಮಾತ್ರ ಬದಲಾಗಿತ್ತು. ಮೊದಲೆಲ್ಲ ಹೊರಗಿನಿಂದ ಬರುವಾಗ ಹೊಸ್ತಿಲ ಮೇಲೆ ನಿಂತೇ ಏನು ಅಡುಗೆ ಎಂದು ತಾವೇ ಹೇಳುತ್ತಿದ್ದರು, ಉಪ್ಪು ಹಾಕುವುದು ಮರೆತಿದ್ದರೂ ಹೇಳುತ್ತಿದ್ದರು. ಜ್ವರದ ಮೇಲೆ, "ಏನು ಅಡುಗೆ?" ಎಂದು ಎಲ್ಲ ಗಂಡಸರ ಹಾಗೆ ಕೇಳತೊಡಗಿದರು. ಕೇಳುವುದು ನನಗೆ ಹಿತವಾಗಿಯೇ ಇತ್ತು. ಇಷ್ಟು ವರ್ಷಕ್ಕೆ ನನ್ನ ಬಾಯಿಂದ ಕೇಳಬೇಕೆನಿಸಿತಲ್ಲ ಎಂದುಕೊಂಡೆ. ನನ್ನ ದಡ್ಡತನ.

ಇಪ್ಪತ್ತನೆಯ ಮನೆಯನ್ನು ಬ್ರೋಕರು ತಂದ. ನಮ್ಮ ಕಣ್ಣೆದುರಿಗೆ ಬೆಳೆದವನು, ಮಾತು ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ. ಇಳಿಜಾರು ಬೀದಿಯ ಕೊನೆಯಲ್ಲಿ ಎರಡು ಅಂತಸ್ತಿನ ಮನೆ. ಮೂರು ಜನ ನೋಡಿ ಬಿಟ್ಟಿದ್ದರು, ಬೆಲೆ ಅರ್ಧಕ್ಕೆ ಇಳಿದಿತ್ತು. ವಾಡಿಕೆಯಂತೆ ಮೂರು ದಿನ ಮುಚ್ಚಿಸಿ, ನಾಲ್ಕನೆಯ ದಿನ ಬೆಳಿಗ್ಗೆ ಇವರು ಒಳಗೆ ಹೋದರು. ಮೇಸ್ತ್ರಿ, ಬ್ರೋಕರು, ನಾನು ಬಾಗಿಲ ಹೊರಗೆ ನಿಂತೆವು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು, ಪಂಚೆಯ ಧೂಳು ಕೊಡವಿಕೊಂಡು, "ಗಟ್ಟಿ ಮನೆ. ಹಿಡಿಯೋಣ" ಎಂದರು.

ನಾನು ಒಳಗೆ ಹೋದೆ. ಅಡುಗೆಮನೆಗೆ ಹೋಗುವ ಸಣ್ಣ ಓಣಿಯಲ್ಲಿ ಕಾಲಿಟ್ಟ ಕೂಡಲೇ ಗಬ್ಬು ನಾತ ಮುಖಕ್ಕೆ ಬಡಿಯಿತು. ಚರಂಡಿಯ ನಾತ, ಹಳೆಯದು, ಮಣ್ಣಿನೊಳಗೆ ಕೂತು ಕೊಳೆತದ್ದು. ಸೆರಗು ಮೂಗಿಗೆ ಹೋಯಿತು. ಹಿಂದೆ ಬಂದ ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಯಜಮಾನ್ರು ಏನೂ ಹೇಳಲಿಲ್ವಲ್ಲ" ಎಂದೆ.

"ಅವರಿಗೆ ಗೊತ್ತಿಲ್ದೆ ಇರತ್ತಾ ಅಮ್ಮ. ಬ್ರೋಕರ್ ಮುಂದೆ ಹೇಳಬಾರ್ದು ಅಂತ ಬಾಯಿ ಮುಚ್ಕೊಂಡಿದ್ದಾರೆ. ಇನ್ನೂ ಇಳಿಸ್ತಾರೆ ನೋಡ್ತಿರಿ."

ಬ್ರೋಕರು ಬೇರೆ ಲೆಕ್ಕ ಹಾಕಿದ್ದ. ನಾಯಿಮೂಗಿನವರೇ ಹಿಡಿಯೋಣ ಎಂದರೆ ಆ ನಾತ ಒಂದು ಗಂಟೆಯ ಕೆಲಸವಿರಬೇಕು ಎಂದು ಅವನೂ ಸುಮ್ಮನಾದ. ಹೀಗೆ ಮೂರು ಮೂಗುಗಳು ಒಂದು ಮೂಗನ್ನು ನಂಬಿ ಬಾಯಿ ಮುಚ್ಚಿಕೊಂಡವು. ಇದ್ದ ದುಡ್ಡೆಲ್ಲ ಆ ಮನೆಗೆ ಹೋಯಿತು.

ಮಹಡಿಯ ಕೋಣೆಯಲ್ಲಿ ಸಂಸಾರ ಹೂಡಿದೆವು. ಕೆಲಸ ಶುರುವಾಯಿತು. ಇವರು ಎಲ್ಲಿ ಅಗೆಯಬೇಕೆಂದು ಹೇಳುತ್ತಾರೆ ಎಂದು ಮೇಸ್ತ್ರಿ ದಿನವೂ ಕಾದ. ಇವರು ಹಳೆ ಗಾರೆ ಕೆರೆಸಿದರು, ಮೆಟ್ಟಿಲು ಸರಿಮಾಡಿಸಿದರು, ವೈರಿಂಗ್ ಹೊಸದು ಹಾಕಿಸಿದರು. ಓಣಿಯ ಮಾತು ಬರಲೇ ಇಲ್ಲ. ಒಂದು ದಿನ ಬಣ್ಣದ ಪಟ್ಟಿ ಬರೆದರು. ಬಣ್ಣವೆಂದರೆ ನಮ್ಮಲ್ಲಿ ಕೊನೆಯ ಕೆಲಸ. ಓಣಿ ಅಗೆಸುವ ಯೋಚನೆಯೇ ಇವರಿಗಿಲ್ಲ ಎಂದು ಅಂದು ತಿಳಿಯಿತು.

ಮರುದಿನ ಹಾಲು ಸೀಯಿತು. ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಸೀದ ವಾಸನೆ ಅಲ್ಲಿಗೇ ಬಂತು. ಓಡಿ ಬಂದು ನೋಡಿದರೆ ಒಲೆಯ ಮೇಲೆ ಪಾತ್ರೆ ಕರಿಹಿಡಿದು ಹೊಗೆಯೇಳುತ್ತಿದೆ, ಇವರು ಅದಕ್ಕೆ ಬೆನ್ನು ಮಾಡಿ ಎರಡು ಮಾರು ದೂರದಲ್ಲಿ ಕೂತು ಕಪಾಟಿನ ಅಳತೆ ಬರೆಯುತ್ತಿದ್ದಾರೆ. ನನ್ನ ಹೆಜ್ಜೆ ಕೇಳಿ ತಿರುಗಿದರು. ಹೊಗೆ ಕಂಡಿತು.

"ಅಯ್ಯೋ, ಏನೋ ಯೋಚನೇಲಿದ್ದೆ ನೋಡು" ಎಂದರು.

ಆ ಮಾತಿನಲ್ಲಿ ಒಂದು ಅವಸರವಿತ್ತು. ನಲವತ್ತಾರು ವರ್ಷ ಜೊತೆಗೆ ಬಾಳಿದವಳಿಗೆ ಗೊತ್ತಾಗುವ ಅವಸರ. ಅಂದು ಸಂಜೆ ನಾನೊಂದು ಕೆಲಸ ಮಾಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಇವರು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಾಗ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂದಿನಿಂದ ಇವರ ಮುಖದ ಹತ್ತಿರ ಹಿಡಿದೆ. ಮೂಗಿನ ಹೊಳ್ಳೆ ಅಲುಗಲಿಲ್ಲ. ತುಟಿ ದೇವರ ಹೆಸರು ಹೇಳುತ್ತಲೇ ಇತ್ತು. ನನಗೆ ಕಣ್ಣುರಿ ಬಂದು ನೀರಿಳಿಯಿತು.

ಆಮೇಲೆ ಎಲ್ಲವೂ ಕಂಡಿತು. ಗೋಡೆಯ ಬಣ್ಣವನ್ನು ಮೂಸಿದ ಹಾಗೆ ಮಾಡಿ ಬೆರಳಲ್ಲಿ ಮುಟ್ಟಿ ನೋಡಿ "ಒಣಗಿದೆ" ಎನ್ನುತ್ತಿದ್ದರು. ಮೇಸ್ತ್ರಿಯ ಮುಖ ನೋಡಿ ಮಾತು ಹೊಂದಿಸುತ್ತಿದ್ದರು. ಜ್ವರ ಇವರ ವಿದ್ಯೆಯನ್ನು ತೆಗೆದುಕೊಂಡು ಹೋಗಿತ್ತು. ಇಂದಲ್ಲ ನಾಳೆ ಬಂದೀತು ಎಂದು ಕಾಯುತ್ತಾ, ಯಾರಿಗೂ ಹೇಳದೆ, ಕುರುಡ ಗೋಡೆ ಹಿಡಿದು ನಡೆಯುವಂತೆ ನಡೆಯುತ್ತಿದ್ದರು.

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ರೀ, ಓಣಿಯಲ್ಲಿ ನಾತ ಇದೆ. ಅಷ್ಟೇ. ಹೇಳಿದರೆ ನಿಮ್ಮ ಮೂಗು ಹೋಗಿದೆ ಎಂದ ಹಾಗೆ. ಕೈಲಾಗದವನು ಎಂದು ಇವರಪ್ಪ ಎಂದದ್ದನ್ನು ನಾನು ಎರಡನೆಯ ಸಲ ಎಂದ ಹಾಗೆ. ನನ್ನಿಂದ ಆಗಲಿಲ್ಲ. ಇವರಿಗೆ ಗೊತ್ತಾಗದಂತೆ ನಾವೇ ಹುಡುಕಿ ಸರಿಪಡಿಸಿಬಿಡೋಣ ಎಂದು ಮೇಸ್ತ್ರಿಗೆ ಹೇಳಿದೆ. ಅವನು ಕೂತಲ್ಲೇ ಕೂತು ಅತ್ತ. ಇಪ್ಪತ್ತೈದು ವರ್ಷದಲ್ಲಿ ಅವನು ಅತ್ತದ್ದು ನಾನು ಕಂಡಿರಲಿಲ್ಲ.

ಇವರು ಬ್ಯಾಂಕಿಗೋ ರಿಜಿಸ್ಟ್ರಾರ್ ಆಫೀಸಿಗೋ ಹೋದಾಗ ಹುಡುಕುತ್ತಿದ್ದೆವು. ಬಚ್ಚಲಿನ ಎರಡು ಟೈಲ್ಸ್ ಎಬ್ಬಿಸಿದೆವು, ಅಲ್ಲಿಲ್ಲ. ಹಿತ್ತಿಲ ಗುಂಡಿಯ ಮುಚ್ಚಳ ತೆಗೆದೆವು, ಅಲ್ಲೂ ಇಲ್ಲ. ಅಡುಗೆಮನೆಯ ಮೋರಿ ಬದಲಿಸಿದೆವು. ಇವರು ಬರುವಷ್ಟರಲ್ಲಿ ಎಲ್ಲ ಮೊದಲಿನಂತೆ ಮಾಡಿಡಬೇಕು.

"ನಮಗೆ ನಾತ ಮನೆ ತುಂಬ ಇದೆ ಅಮ್ಮ" ಎಂದ ಮೇಸ್ತ್ರಿ. "ಯಜಮಾನ್ರಿಗಾದ್ರೆ ಒಂದು ಜಾಗ ಅಂತ ಇರೋದು. ಬೆರಳಿಟ್ಟು ತೋರಿಸ್ತಿದ್ರು. ನನ್ನ ಮೂಗೇನು, ಕನ್ನಡಕ ಇಡೋಕೆ ಅಂತ ದೇವರು ಕೊಟ್ಟಿದ್ದು."

ಅಷ್ಟರಲ್ಲಿ ಮನೆ ಸಿದ್ಧವಾಯಿತು. ಎಷ್ಟು ಚೆನ್ನಾಗಿತ್ತೆಂದರೆ, ಕಣ್ಣಿಗೆ ಅಷ್ಟು ಚೆನ್ನಾದ ಮನೆ ನಾವು ಇನ್ನೊಂದು ಮಾಡಿರಲಿಲ್ಲ. ಮೆಟ್ಟಿಲಿಗೆ ಮೇಲಿನ ಕಿಂಡಿಯಿಂದ ಬೆಳಕು ಬೀಳುತ್ತಿತ್ತು. ಅಡುಗೆಮನೆಯಲ್ಲಿ ನಿಂತಲ್ಲಿಂದಲೇ ಎಲ್ಲಕ್ಕೂ ಕೈ ಎಟುಕುತ್ತಿತ್ತು. ಕೊಳ್ಳುವವರು ಬರುವ ಮೊದಲು ನಾನು ಕಿಟಕಿ ತೆರೆದು, ನೆಲಕ್ಕೆ ನಿಂಬೆಹಣ್ಣಿನ ನೀರು ಹಾಕಿ ಒರೆಸಿ, ಊದುಬತ್ತಿ ಹಚ್ಚಿದೆ. ಇವರು ಬಂದು ನೋಡಿ ಕೋಪ ಮಾಡಿಕೊಂಡರು.

"ಏನಿದು? ಮುಚ್ಚು ಎಲ್ಲಾ. ಊದುಬತ್ತಿ ಆರಿಸು. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ಏನೋ ಮುಚ್ಚಿಡ್ತಿದ್ದೀವಿ ಅಂತಾರೆ."

"ಸೆಕೆ ಇದೆ ರೀ."

"ಸೆಕೆ ಇರಲಿ. ಮೂರು ದಿನ ಮುಚ್ಚಿಡೋದು ನಮ್ಮ ಪದ್ಧತಿ. ಇದು ಕೊನೇ ಮನೆ. ಇದರಲ್ಲಿ ಪದ್ಧತಿ ತಪ್ಪೋದು ಬೇಡ."

ತಾವೇ ಒಂದೊಂದು ಕಿಟಕಿ ಮುಚ್ಚಿ ಚಿಲಕ ಹಾಕಿದರು. ಇವರು ಬೀದಿಗೆ ಹೋದಾಗ ನಾನು ತೆರೆಯುವುದು, ಇವರು ಬಂದು ಮುಚ್ಚುವುದು. ಆ ಮೂರು ದಿನ ನಾವಿಬ್ಬರೂ ಆ ಮನೆಯಲ್ಲಿ ಆಡಿದ ಆಟ ಅದು. ನಾಲ್ಕನೆಯ ದಿನ ಇವರು ಒಗೆದ ಅಂಗಿ ಹಾಕಿಕೊಂಡು, ಬಂದವರ ಕೈಗೆ ಬೀಗದ ಕೈ ಕೊಟ್ಟು, ನಗುತ್ತಾ, "ನೀವೇ ತೆಗೆದು ನೋಡಿ" ಎಂದರು. ಅವರು ತೆಗೆದರು. ಎರಡು ನಿಮಿಷ ಒಳಗಿದ್ದರು. "ಯೋಚನೆ ಮಾಡಿ ಹೇಳ್ತೀವಿ" ಎಂದು ಬೀದಿಗಿಳಿದು ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು.

ಹೀಗೆ ಬಂದವರು ಎಷ್ಟೋ ಮಂದಿ. ಎಲ್ಲರೂ ಮರ್ಯಾದಸ್ಥರೇ. ಹಿರಿಯ ಮನುಷ್ಯನ ಮುಖಕ್ಕೆ ಹೇಳಲಾರದೆ ರಸ್ತೆ ಕಿರಿದು, ಸ್ಕೂಲು ದೂರ, ಕೋಣೆ ಸಾಲದು ಎಂದು ಹೇಳಿ ಹೋದರು. ಬ್ರೋಕರು ಒಂದು ದಿನ ನನ್ನನ್ನು ಹಿತ್ತಿಲಿಗೆ ಕರೆದ.

"ದೊಡ್ಡಮ್ಮ, ಇನ್ನು ನನ್ನ ಕೈಲಾಗಲ್ಲ. ನಾಯಿಮೂಗಿನವರ ಮನೆ ಬನ್ನಿ ಅಂತ ಕರ್ಕೊಂಡು ಬರ್ತೀನಿ, ಬಂದವರು ನನ್ನ ಮುಖ ನೋಡ್ತಾರೆ. ನಾನು ಹೇಳ್ಬಿಡ್ತೀನಿ ದೊಡ್ಡಪ್ಪಂಗೆ."

"ನಿನ್ನ ಕಾಲಿಗೆ ಬೀಳ್ತೀನಿ, ಹೇಳ್ಬೇಡ" ಎಂದೆ. "ಇನ್ನೊಂದು ಹದಿನೈದು ದಿನ ಕೊಡು."

"ಕಾಲಿಗೆ ಬೀಳೋ ಮಾತೆಲ್ಲ ಆಡ್ಬೇಡಿ. ಸರಿ, ನನಗೂ ನೆಗಡಿ ಅಂದ್ಕೋತೀನಿ."

ಇವರು ಕಾರಣ ಹುಡುಕತೊಡಗಿದರು. ಬಣ್ಣ ಗಾಢವಾಯಿತೇನೋ ಎಂದು ಬಳಿದ ಗೋಡೆಗೆ ಮತ್ತೆ ಬಳಿಸಿದರು. ಅಡುಗೆಮನೆಯ ಕಲ್ಲು ಬದಲಿಸಿದರು. ಕೂಲಿ ಉಳಿಸಲು ತಾವೇ ಏಣಿ ಹತ್ತಿದರು. ತೋಳಿನ ಮಾಂಸ ಕರಗಿ ಅಂಗಿಯ ಕೈ ದೊಗಲೆಯಾಯಿತು. ಸರಿಯಾಗಿದ್ದದ್ದನ್ನೆಲ್ಲ ಒಡೆದು ಸರಿಮಾಡುತ್ತಿದ್ದರು, ನಾನು ಕೆಳಗೆ ನಿಂತು ಏಣಿ ಹಿಡಿದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಏಣಿಯ ಮೇಲಿನಿಂದಲೇ ಕೇಳಿದರು:

"ಏನು ತಪ್ಪಿದೆ ಈ ಮನೇಲಿ? ಬಂದವರು ಯಾರೂ ನಿಲ್ತಾ ಇಲ್ವಲ್ಲ. ನೀನು ನಿಜ ಹೇಳು. ನಿನ್ನ ಕಣ್ಣಿಗೆ ಏನಾದ್ರೂ ಕಾಣತ್ತಾ? ಏನಾದ್ರೂ ಗೊತ್ತಾಗತ್ತಾ?"

ಕೊನೆಯ ಪ್ರಶ್ನೆಯನ್ನು ಕೇಳುವಾಗ ಇವರ ದನಿ ಸಣ್ಣದಾಯಿತು. ಈಗ ಗೊತ್ತಾಗುತ್ತದೆ, ಇವರು ಬಾಗಿಲು ತೆರೆದು ಕೊಟ್ಟಿದ್ದರು. ನಾನು ಒಳಗೆ ಹೋದರೆ ಸಾಕಿತ್ತು.

"ಏನೂ ಇಲ್ಲ ರೀ. ಚೆನ್ನಾಗಿದೆ ಮನೆ. ಕಾಲ ಕೂಡಿ ಬಂದಿಲ್ಲ ಅಷ್ಟೇ" ಎಂದೆ.

ಇವರು ಬ್ರಷ್ಷು ಡಬ್ಬಿಯಲ್ಲಿ ಅದ್ದಿದರು.

ಅದಾದ ವಾರಕ್ಕೆ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಗಂಡನ ತಾಯಿ. ತಾಯಿಗೆ ಎಂಬತ್ತಾಗಿರಬೇಕು, ಕೋಲೂರಿಕೊಂಡು ಬಂದರು. ಇವರು ಬೀಗದ ಕೈಯನ್ನು ಆ ಹಿರಿಯರ ಕೈಗೇ ಕೊಟ್ಟರು. ಬಾಗಿಲು ತೆರೆದು ನಡುಮನೆಗೆ ಬಂದು ಓಣಿಯ ಕಡೆ ತಿರುಗಿದ ಮುದುಕಿ ಅಲ್ಲಿಯೇ ನಿಂತರು.

"ಇದೇನಪ್ಪಾ, ಮನೆ ತೋರಿಸ್ತೀನಿ ಅಂತ ಕಕ್ಕಸು ತೋರಿಸ್ತಾ ಇದ್ದೀಯಾ?"

"ಅಮ್ಮಾ, ಸುಮ್ನಿರು" ಎಂದ ಮಗ.

"ನಾನ್ಯಾಕೆ ಸುಮ್ನಿರ್ಲಿ? ನಿಮಗೆಲ್ಲ ಮೂಗು ಇಲ್ವಾ? ಗಬ್ಬು ನಾರ್ತಾ ಇದೆ. ಈ ವಯಸ್ಸಲ್ಲಿ ನನ್ನ ಇಲ್ಲಿ ಕೂಡಿ ಹಾಕ್ತೀಯಾ?" ಆಮೇಲೆ ಇವರ ಕಡೆ ತಿರುಗಿ, "ನೋಡೋಕೆ ದೊಡ್ಡ ಮನುಷ್ಯನ ಹಾಗಿದ್ದೀಯ. ಹೀಗೆ ಮುಚ್ಚಿಟ್ಟು ಮಾರಬಹುದೇನಪ್ಪ?"

ಸೊಸೆ ತಲೆ ತಗ್ಗಿಸಿ ನಮ್ಮ ಕ್ಷಮೆ ಕೇಳಿದಳು. ಮೂವರೂ ಹೋದರು. ಬ್ರೋಕರು ಅವರ ಹಿಂದೆ ಹೋದ. ಇವರು ಮೆಟ್ಟಿಲ ಮೇಲೆ ಕೂತರು. ಮುಖದ ಮೇಲೆ ಬಂದವರಿಗೆಂದು ತಂದುಕೊಂಡ ನಗು ಇನ್ನೂ ಹಾಗೇ ಇತ್ತು.

"ಯಾವಾಗಿಂದ?" ಎಂದರು.

"ಮೊದಲನೇ ದಿನದಿಂದ."

"ಮೇಸ್ತ್ರಿಗೆ ಗೊತ್ತಾ?"

"ಗೊತ್ತು."

"ಬ್ರೋಕರಿಗೆ?"

ನಾನು ಹೌದೆಂದು ತಲೆಯಾಡಿಸಿದೆ.

"ನನ್ನ ಮೂಗು ಹೋಗಿರೋದೂ ಗೊತ್ತಾ?"

"ಹಾಲು ಸೀದ ದಿನ ಗೊತ್ತಾಯ್ತು."

"ಹಾಗಾದ್ರೆ ಬಂದವರಿಗೆಲ್ಲ ನಾನು ಬೀಗದ ಕೈ ಕೊಟ್ಟು, ನೀವೇ ನೋಡಿ ಅಂತಿದ್ದಾಗ ನೀವೆಲ್ಲ ನಿಂತು ನೋಡ್ತಿದ್ರಿ" ಎಂದರು. ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎದ್ದು, ಗೋಡೆ ಹಿಡಿದುಕೊಂಡು ಮಹಡಿಗೆ ಹೋದರು. ಆ ಮೇಲೆ ಕೆಳಗೆ ಇಳಿಯಲಿಲ್ಲ.

ಡಾಕ್ಟರು ಬಂದು ಎದೆ ದುರ್ಬಲವಾಗಿದೆ, ವಿಶ್ರಾಂತಿ ಬೇಕು, ಭಯವಿಲ್ಲ ಎಂದರು. ನಾನು ಅದನ್ನು ಹೇಳಿದೆ. "ಹೌದಾ, ಸಂತೋಷ" ಎಂದರು, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುವ ಹಾಗೆ. ನಿಮ್ಮ ಮುಖ ಇವತ್ತು ಗೆಲುವಾಗಿದೆ ಎಂದರೂ ಅದೇ. ಊಟಕ್ಕೆ ಉಪ್ಪು ಸರಿಯಿದೆಯೇ ಎಂದರೆ, "ನೀನು ಹೇಗೆ ಹೇಳಿದ್ರೆ ಹಾಗೆ" ಎನ್ನುವರು. ನಾನು ಆಡಿದ ಯಾವ ಮಾತೂ ಇವರೊಳಗೆ ಇಳಿಯುತ್ತಿರಲಿಲ್ಲ. ಮಾತಿನಲ್ಲಿ ಒರಟಿಲ್ಲ, ತಿರಸ್ಕಾರವಿಲ್ಲ, ನಂಬಿಕೆ ಮಾತ್ರ ಇಲ್ಲ. ದೇವರ ಮುಂದೆ ಕೂತು, ಇವರಿಗೆ ಮೂಗು ಕೊಡದಿದ್ದರೆ ಬೇಡ, ನನ್ನ ಮೇಲೆ ಕೋಪವನ್ನಾದರೂ ಕೊಡು ಎಂದು ಬೇಡಿಕೊಂಡೆ.

ಒಂದೇ ಒಂದು ಸಲ ಮನೆಯ ಮಾತು ಎತ್ತಿದರು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು, "ಮೊದಲನೇ ದಿನ ನಿನಗೆ ಎಲ್ಲಿ ಬಂತು?" ಎಂದರು.

"ಓಣೀಲಿ. ಕಾಲಿಟ್ಟ ತಕ್ಷಣ."

"ಎಡಗಡೆ ಗೋಡೆಯಿಂದಲೋ ಕೆಳಗಿಂದಲೋ?"

ನೆನಪು ಮಾಡಿಕೊಂಡೆ. ಸೆರಗು ಎತ್ತುವ ಮೊದಲು ಕಾಲನ್ನು ಹಿಂದಕ್ಕೆ ಎಳೆದುಕೊಂಡಿದ್ದೆ. "ಕೆಳಗಿಂದ" ಎಂದೆ.

"ಓಣಿ ಕೆಳಗೆ ನಮ್ಮ ಪೈಪೇ ಇಲ್ಲ. ಬೀದಿ ಮೇಲ್ಗಡೆ ಮನೆಯವರ ಹಳೆ ಪೈಪು ಇರಬೇಕು, ಇಳಿಜಾರು ಹಾಗಿದೆ. ಮೂರಡಿ ಅಗೆದರೆ ಸಿಗತ್ತೆ" ಎಂದರು.

ಮೇಸ್ತ್ರಿ ಮಾರನೆಯ ದಿನವೇ ಅಗೆದ. ಮೂರಡಿಗೆ ಸರಿಯಾಗಿ ಸಿಕ್ಕಿತು. ಮಣ್ಣಿನ ಹಳೆ ಪೈಪು, ನಡುವೆ ಬಿರುಕು ಬಿಟ್ಟು ವರ್ಷಗಟ್ಟಲೆ ಸೋರಿ ನೆಲವೆಲ್ಲ ಕಪ್ಪಾಗಿತ್ತು. ಕೊಳೆತ ಮಣ್ಣು ತೆಗೆದು, ಹೊಸ ಪೈಪು ಕೂಡಿಸಿ, ಜಲ್ಲಿ ತುಂಬಿ, ಕಾಂಕ್ರೀಟು ಹಾಕಿದ. ಒಟ್ಟು ಎರಡು ದಿನದ ಕೆಲಸ. ಮೇಸ್ತ್ರಿ ಕೈ ತೊಳೆಯುತ್ತಾ, "ಎರಡು ದಿನ ಅಮ್ಮ" ಎಂದು ಒಮ್ಮೆ ಅಂದ. ನೆಲ ಒಣಗಿದ ಮೇಲೆ ಎಲ್ಲ ಕಿಟಕಿ ಬಾಗಿಲು ನಾನೇ ಮುಚ್ಚಿದೆ, ಮೂರು ದಿನ. ನಾವು ಹಿಂದಿನ ಮೆಟ್ಟಿಲಿನಿಂದ ಓಡಾಡಿದೆವು. ನಾಲ್ಕನೆಯ ದಿನ ತೆರೆದರೆ ಸುಣ್ಣದ ವಾಸನೆ, ಹೊಸ ಮರದ ವಾಸನೆ ಬಿಟ್ಟು ಇನ್ನೇನೂ ಇರಲಿಲ್ಲ. ಬ್ರೋಕರನ್ನು ಕರೆದು ಮೂಸಿಸಿದೆ. ಅವನು ನೆಲಕ್ಕೆ ಮೂಗು ಹಚ್ಚಿ, "ಹೋಯ್ತು ದೊಡ್ಡಮ್ಮ, ಸತ್ಯವಾಗ್ಲೂ ಹೋಯ್ತು" ಎಂದ.

ನಾನು ಮೆಟ್ಟಿಲು ಹತ್ತಿ ಓಡಿದೆ. ಈ ಮಂಡಿಯಲ್ಲಿ ಓಡಿದೆ.

"ರೀ, ನೀವು ಹೇಳಿದ ಕಡೆನೇ ಇತ್ತು. ಸರಿಮಾಡಿದ್ವಿ. ನಾತ ಪೂರ್ತಿ ಹೋಯ್ತು."

ಇವರು ನನ್ನ ಕಡೆ ತಿರುಗಿದರು. ನನ್ನ ತಲೆ ನೇವರಿಸಿದರು. "ಸರಿ ಬಿಡು. ಸುಸ್ತಾಗಿದೀಯ, ಕೂತ್ಕೋ" ಎಂದರು.

ಮೇಸ್ತ್ರಿ ಬಂದು ಹೇಳಿದ. ಬ್ರೋಕರು ಬಂದು ಹೇಳಿದ. ಒಡೆದ ಪೈಪಿನ ತುಂಡನ್ನು ತೊಳೆದು ತಂದು ತೋರಿಸಿದೆವು. "ಚೆನ್ನಾಗಿ ಮಾಡಿದೀರಿ" ಎಂದರು ಎಲ್ಲರಿಗೂ. ಇವರಿಗೆ ಗೊತ್ತಾಗುವುದಕ್ಕೆ ನಮ್ಮ ಮೂವರ ಮಾತು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಸುಳ್ಳು ಹೇಳಿದವರೂ ನಾವು ಮೂವರೇ.

ಹತ್ತು ದಿನದಲ್ಲಿ ಮನೆಗೆ ಗಿರಾಕಿ ಬಂದರು. ಹೈಸ್ಕೂಲು ಮೇಷ್ಟ್ರು, ಅವರ ಹೆಂಡತಿ. ಒಂದು ಗಂಟೆ ಇದ್ದರು. ಆಕೆ ಕಪಾಟುಗಳನ್ನೆಲ್ಲ ತೆರೆದು ನೋಡಿ, ಬೆಳಗಿನ ಬಿಸಿಲು ಯಾವ ಕೋಣೆಗೆ ಬರುತ್ತದೆ ಎಂದು ಕೇಳಿದಳು. ಓಣಿಯಲ್ಲಿ ನಿಂತು, ಇಲ್ಲಿ ಪುಸ್ತಕದ ಬೀರು ಇಡಬಹುದು ಎಂದಳು. ಬೆಲೆ ಒಪ್ಪಿತು. ಕರಾರು ಪತ್ರ ಬರೆಸಿಕೊಂಡು ಬ್ರೋಕರು ಅವರಿಬ್ಬರನ್ನೂ ಮಹಡಿಗೆ ಕರೆತಂದ, ಹಿಂದೆಯೇ ಮೇಸ್ತ್ರಿಯೂ ಬಂದ. ಮನೆ ಇವರ ಹೆಸರಿನಲ್ಲಿತ್ತು, ಸಹಿ ಇವರದೇ ಆಗಬೇಕು. ದಿಂಬು ಒರಗಿಸಿ ಕೂರಿಸಿದೆ. ಇವರು ಪತ್ರವನ್ನು ಮಡಿಲಲ್ಲಿಟ್ಟುಕೊಂಡು, ಪೆನ್ನು ಮುಟ್ಟದೆ, ಮೇಷ್ಟ್ರನ್ನು ನೋಡಿದರು.

"ಮನೆ ಪೂರ್ತಿ ನೋಡಿದ್ರಾ?"

"ನೋಡಿದ್ವಿ ಸಾರ್. ತುಂಬ ಇಷ್ಟ ಆಯ್ತು."

"ನಾತ ಬರಲಿಲ್ವಾ?"

"ಇಲ್ವಲ್ಲ. ಏನು ನಾತ?"

"ಕಿಟಕಿ ತೆಗೆದಿದ್ರೆ ಬರಲ್ಲ. ಇವರು ತೆಗೆದಿಟ್ಟಿರ್ತಾರೆ." ಇವರು ನಮ್ಮ ಮೂವರ ಕಡೆ ಕೈ ತೋರಿಸಿದರು. "ಇವರು ಕೆಟ್ಟವರಲ್ಲ. ನನ್ನ ಮೇಲಿನ ಪ್ರೀತಿಗೆ ಹೀಗೆಲ್ಲ ಮಾಡ್ತಾರೆ. ಈ ಮನೇಲಿ ಚರಂಡಿ ನಾತ ಇದೆ ಮೇಷ್ಟ್ರೇ. ನಾನು ಹೇಳ್ತಾ ಇದ್ದೀನಿ. ನೀವು ತಗೋಬೇಡಿ."

"ರೀ, ಮೂರು ದಿನ ಮುಚ್ಚಿಟ್ಟಿದ್ದೆ. ದೇವರಾಣೆ" ಎಂದೆ.

"ಆಣೆ ಎಲ್ಲ ಯಾಕೆ ನನಗೋಸ್ಕರ" ಎಂದರು ಮೆಲ್ಲಗೆ. ಪತ್ರವನ್ನು ಮಡಿಸಿ ಮೇಷ್ಟ್ರ ಕೈಗೆ ಕೊಟ್ಟು ಕೈ ಮುಗಿದರು. ಬಹಳ ದಿನಗಳ ಮೇಲೆ ಆ ಮುಖದಲ್ಲಿ ಹಳೆಯ ನೆಮ್ಮದಿ ಕಂಡಿತು. ಒಬ್ಬ ಒಳ್ಳೆಯ ಮನುಷ್ಯನನ್ನು ಮೋಸದಿಂದ ಉಳಿಸಿದ ನೆಮ್ಮದಿ.

ಮೇಷ್ಟ್ರ ಹೆಂಡತಿ ಗಂಡನ ತೋಳು ಮುಟ್ಟಿದಳು. ಮಾರುವವರೇ ಬೇಡ ಎಂದ ಮನೆಯನ್ನು ಯಾರು ಕೊಂಡಾರು.

ಆರು ದಿನದ ಮೇಲೆ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಇವರು ತೀರಿಕೊಂಡರು. ನನ್ನ ಕೈ ಹಿಡಿದುಕೊಂಡೇ ಇದ್ದರು. ನಿಮ್ಮ ಜೊತೆ ನಾನು ಸುಖವಾಗಿದ್ದೆ ಎಂದು ಹಿಂದಿನ ದಿನ ಹೇಳಿದ್ದೆ. ಅದು ಸತ್ಯ. ಅದಕ್ಕೂ "ಹೌದಾ, ಸಂತೋಷ" ಎಂದಿದ್ದರು.

ಈಗ ಎಂಟು ತಿಂಗಳಾಯಿತು. ಮನೆ ಹಾಗೇ ಇದೆ, ನಾನು ಅದರಲ್ಲಿಯೇ ಇದ್ದೇನೆ. ನೋಡಲು ಬರುವವರು ಬರುತ್ತಾರೆ. ಮೂಸುತ್ತಾರೆ, ಏನೂ ಇಲ್ಲ. ಆದರೂ ಹೋಗಿಬಿಡುತ್ತಾರೆ. ಸಾಯುವ ಮೊದಲು ನಾಯಿಮೂಗಿನವರೇ ಈ ಮನೆಯಲ್ಲಿ ನಾತ ಇದೆ ಎಂದರಂತೆ ಎಂದು ಪೇಟೆಯಲ್ಲೆಲ್ಲ ಹಬ್ಬಿದೆ. ತಮ್ಮ ಮೂಗಿಗಿಂತ ಅವರ ಮಾತೇ ಎಲ್ಲರಿಗೂ ದೊಡ್ಡದು. ಅವರಿಗೆ ಆಗ ಮೂಗಿರಲಿಲ್ಲ ಎಂದು ಒಂದು ಮಾತು ಹೊರಗೆ ಹಾಕಿದರೆ ಮನೆ ನಾಳೆಯೇ ಹೋಗುತ್ತದೆ ಎನ್ನುತ್ತಾನೆ ಬ್ರೋಕರು. ಅವನು ಹೇಳುವುದು ಸರಿ. ತಂಗಿಯೂ ಅದನ್ನೇ ಬರೆಯುತ್ತಾಳೆ.

ಹೋದ ವಾರ ಒಬ್ಬಳು ಹೆಂಗಸು ಬಂದಿದ್ದಳು, ಇಬ್ಬರು ಮಕ್ಕಳ ತಾಯಿ, ಅವಸರದವಳಲ್ಲ. ಮನೆಯೆಲ್ಲ ನೋಡಿದ ಮೇಲೆ ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

"ಅಮ್ಮ, ನನಗೇನೂ ವಾಸನೆ ಬರಲಿಲ್ಲ. ಯಜಮಾನ್ರು ಹಾಗಂದಿದ್ರು ಅಂತಾರಲ್ಲ, ಅದು ನಿಜಾನಾ? ನೀವೇ ಹೇಳಿ, ನಿಮ್ಮ ಮಾತು ನಂಬ್ತೀನಿ" ಎಂದಳು.

ನಂಬುತ್ತೇನೆ ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತೋ.

"ಅವರು ಹೇಳಿದ್ದು ಯಾವತ್ತೂ ತಪ್ಪಾಗಿಲ್ಲಮ್ಮ" ಎಂದೆ.

ಅವಳು ನಿಟ್ಟುಸಿರಿಟ್ಟು ಎದ್ದಳು. ಮಕ್ಕಳನ್ನು ಕರೆದುಕೊಂಡು ಇಳಿಜಾರು ಬೀದಿಯಲ್ಲಿ ಹೋದಳು. ನಾನು ಒಳಗೆ ಬಂದು ದೇವರ ಮುಂದೆ ಕೂತೆ. ಬೇಡಿಕೊಳ್ಳುವುದಕ್ಕೆ ಏನೂ ತೋಚಲಿಲ್ಲ.